ಡ್ರಿಪ್‌ನಲ್ಲಿರುವ ಪಾಚಿಯೇ ಬೇರೆ, ಕ್ಯಾಪ್ಸೂಲ್‌ನಲ್ಲಿರುವ ಪಾಚಿಯೇ ಬೇರೆ

ಪ್ರಶ್ನೆ: ನಮಸ್ತೆ ಮೇಡಂ. ನನ್ನ ಅಕ್ಕನಿಗೆ ಹಾಡ್ಜ್‌ಕಿನ್ ಲಿಂಫೋಮಾ ಅನ್ನುವ ಕ್ಯಾನ್ಸರ್. ಒಮ್ಮೆ ವಾಸಿಯಾಗಿ ಮತ್ತೆ ಮರುಕಳಿಸಿದೆ. ಈಗ ಮೂರು ವಾರಕ್ಕೊಮ್ಮೆ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಅನ್ನುವ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡುತ್ತಿದ್ದಾರೆ. ಅದರ ಮೂಲ ಸಮುದ್ರದ ಪಾಚಿ ಅಂತ ಓದಿದೆ. ಪರಿಚಯದವರೊಬ್ಬರು ಸಮುದ್ರ ಪಾಚಿಯ ಕ್ಯಾಪ್ಸೂಲ್ ಅಂತ ಒಂದು ಡಬ್ಬಿ ತಂದುಕೊಟ್ಟಿದ್ದಾರೆ. ಎರಡರಲ್ಲೂ ಇರುವುದು ಒಂದೇನಾ? ಡ್ರಿಪ್ ಜೊತೆ ಇದನ್ನೂ ಕೊಡಬಹುದಾ? ಪಾಚಿಯಲ್ಲಿ ಅಷ್ಟೊಂದು ಔಷಧಿ ಇದ್ದರೆ ಇಷ್ಟು ಕಡಿಮೆ ಯಾಕೆ ಹೊರಗೆ ಬಂದಿದೆ?

ಉತ್ತರ: ಮೊದಲು ಕ್ಯಾಪ್ಸೂಲ್ ವಿಷಯ ಮುಗಿಸೋಣ, ಅದೇ ಅರ್ಜೆಂಟು. ಕೊಡಬೇಡಿ. ಅಕ್ಕನನ್ನು ನೋಡುತ್ತಿರುವ ಕ್ಯಾನ್ಸರ್ ಡಾಕ್ಟರಿಗೆ ಆ ಡಬ್ಬಿ ತೋರಿಸಿ, ಅವರು ಹೂಂ ಅನ್ನುವವರೆಗೆ ಒಂದು ಗುಳಿಗೆಯನ್ನೂ ಕೊಡಬೇಡಿ. ಡ್ರಿಪ್‌ನಲ್ಲಿ ಇರುವುದಕ್ಕೂ ಕ್ಯಾಪ್ಸೂಲ್‌ನಲ್ಲಿ ಇರುವುದಕ್ಕೂ ಪಾಚಿ ಎಂಬ ಹೆಸರು ಬಿಟ್ಟರೆ ಬೇರೆ ನಂಟಿಲ್ಲ. ತುಳಸಿಯೂ ಗಿಡ, ಉಮ್ಮತ್ತಿಯೂ ಗಿಡ ಅಲ್ವಾ, ಹಾಗೆ.

ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಪಿರುಲಿನಾ ಅಥವಾ ಕ್ಲೋರೆಲ್ಲಾ ಪುಡಿ. ಎಷ್ಟೋ ಸಲ ಅವು ಸಮುದ್ರದ್ದೂ ಆಗಿರುವುದಿಲ್ಲ. ಸ್ಪಿರುಲಿನಾವನ್ನು ಕ್ಷಾರದ ನೀರಿನ ಕೊಳಗಳಲ್ಲಿ ಬೆಳೆಸುತ್ತಾರೆ, ಕ್ಲೋರೆಲ್ಲಾವನ್ನು ಹೆಚ್ಚಾಗಿ ಸಿಹಿನೀರಿನಲ್ಲಿ. ಆರೋಗ್ಯವಾಗಿರುವವರು ತಿಂದರೆ ಅದು ಒಂದಷ್ಟು ಪ್ರೋಟೀನ್, ಒಂದಷ್ಟು ಬಣ್ಣ, ಅಷ್ಟೇ. ನಿಮ್ಮ ಅಕ್ಕನ ಮಾತು ಬೇರೆ. ಕ್ಲೋರೆಲ್ಲಾದಲ್ಲಿ ವಿಟಮಿನ್ ಕೆ ಜಾಸ್ತಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದು ಅಡ್ಡ ಬರುತ್ತದೆ. ಸರೋವರಗಳಿಂದ ನೇರವಾಗಿ ಬಾಚಿ ಒಣಗಿಸಿದ ನೀಲಿ-ಹಸಿರು ಪಾಚಿಯ ಪುಡಿಯಲ್ಲಿ ಮೈಕ್ರೋಸಿಸ್ಟಿನ್ ಎಂಬ ವಿಷ ಸಿಕ್ಕ ಉದಾಹರಣೆಗಳಿವೆ. ಅದು ಹೋಗಿ ಕೂರುವುದು ಲಿವರ್‌ನಲ್ಲಿ. ಅಕ್ಕನಿಗೆ ಕೊಡುತ್ತಿರುವ ಔಷಧಿಯನ್ನು ಕರಗಿಸಿ ಹೊರಹಾಕುವ ಕೆಲಸವೂ ಅದೇ ಲಿವರ್‌ನದ್ದು. ಈ ಹೊತ್ತಿನಲ್ಲಿ ಅದಕ್ಕೆ ಇನ್ನೊಂದು ಹೊರೆ ಬೇಡ.

ಇನ್ನು ಡ್ರಿಪ್‌ಗೆ ಬರೋಣ. ನೀವು ಓದಿದ್ದು ನಿಜ. ಆದರೆ ಆ ಕತೆಯನ್ನು ಪೂರ್ತಿ ಕೇಳಿದರೆ ನಿಮ್ಮ ಮೂರನೇ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಡಲ ಮೊಲ ಅಂತ ಒಂದು ಜೀವಿ ಇದೆ. ಮೊಲವಲ್ಲ, ಚಿಪ್ಪಿಲ್ಲದ ಬಸವನಹುಳುವಿನ ಥರ ಇರುತ್ತದೆ. ತಲೆಯ ಮೇಲೆ ಮೊಲದ ಕಿವಿಯಂತೆ ಎರಡು ಮೀಸೆ ನಿಂತಿರುತ್ತವೆ, ಹಾಗಾಗಿ ಆ ಹೆಸರು. ಮೈಯೆಲ್ಲಾ ಮೆತ್ತಗೆ. ಓಡಲು ಬರುವುದಿಲ್ಲ, ಕಚ್ಚಲು ಬರುವುದಿಲ್ಲ. ಆದರೂ ಅದನ್ನು ತಿನ್ನುವ ಪ್ರಾಣಿಗಳು ಕಡಿಮೆ. ಹಳೆಯ ಕಾಲದ ರೋಮನ್ನರು ಕೂಡ ಅದನ್ನು ವಿಷ ಅಂತ ಹೆದರುತ್ತಿದ್ದರು. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಜಾರ್ಜ್ ಪೆಟ್ಟಿಟ್ ಅವರ ತಂಡ 1972ರಲ್ಲಿ ಹಿಂದೂ ಮಹಾಸಾಗರದ ಮಾರಿಷಸ್ ಬಳಿ ಸಿಕ್ಕ ಕಡಲ ಮೊಲಗಳ ಸಾರ ತೆಗೆದು ಪರೀಕ್ಷೆಗೆ ಹಚ್ಚಿತು. ರಕ್ತದ ಕ್ಯಾನ್ಸರ್ ಇದ್ದ ಇಲಿಗಳು ಆ ಸಾರದಿಂದ ಹೆಚ್ಚು ದಿನ ಬದುಕಿದವು. ಸಾರದಲ್ಲಿ ಏನೋ ಇದೆ ಅನ್ನುವುದು ಗೊತ್ತಾಯಿತು. ಆ ಏನೋ ಯಾವುದು ಅಂತ ಹೇಳಲು ಬೇಕಾಗಿದ್ದು 15 ವರ್ಷ. ಟನ್‌ಗಟ್ಟಲೆ ಕಡಲ ಮೊಲ ಅರೆದರೆ ಕೈಗೆ ಸಿಗುತ್ತಿದ್ದುದು ಬೆರಳೆಣಿಕೆಯ ಮಿಲಿಗ್ರಾಂ. 1987ರಲ್ಲಿ ಅಣುವಿನ ರಚನೆ ಪ್ರಕಟವಾಯಿತು. ಡೊಲಬೆಲ್ಲಾ ಎಂಬ ಕಡಲ ಮೊಲದಿಂದ ಬಂದದ್ದಲ್ವಾ, ಡೊಲಾಸ್ಟಾಟಿನ್ 10 ಅಂತ ಹೆಸರಿಟ್ಟರು.

ಆದರೆ ಆ ವಿಷವನ್ನು ತಯಾರಿಸುತ್ತಿದ್ದುದು ಕಡಲ ಮೊಲ ಅಲ್ಲ. ಅದು ಸುಮ್ನೆ ಮೇಯುತ್ತಿತ್ತು. 2001ರಲ್ಲಿ ಪೆಸಿಫಿಕ್‌ನ ಪಲಾವು ದ್ವೀಪಗಳ ನೀರಿನಲ್ಲಿ ಸಿಕ್ಕ ಸಿಂಪ್ಲೋಕಾ ಎಂಬ ನೀಲಿ-ಹಸಿರು ಪಾಚಿಯಲ್ಲಿ ಅದೇ ಅಣು ನೇರವಾಗಿ ಸಿಕ್ಕಿತು. ಕಡಲ ಮೊಲ ತಾನು ತಿಂದ ಪಾಚಿಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನೀಲಿ-ಹಸಿರು ಪಾಚಿ ಅನ್ನುವುದು ಕಟ್ಟುನಿಟ್ಟಾಗಿ ನೋಡಿದರೆ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಆದರೆ ಬಿಸಿಲು ಕುಡಿದು ಬದುಕುತ್ತದೆ, ನೋಡಲು ಪಾಚಿಯಂತೆಯೇ ಇರುತ್ತದೆ. ಹಾಗಾಗಿ ಪಾಚಿಯಲ್ಲಿ ಔಷಧಿ ಹುಡುಕುವ ನಮ್ಮ ಕೆಲಸದಲ್ಲಿ ಎಲ್ಲರೂ ಅದನ್ನು ಸೂಕ್ಷ್ಮಪಾಚಿಯ ಜೊತೆಗೇ ಸೇರಿಸಿ ಮಾತಾಡುತ್ತೇವೆ. ನಾನೂ ಹಾಗೇ ಮಾಡುತ್ತೇನೆ.

ಡೊಲಾಸ್ಟಾಟಿನ್ ಮಾಡುವ ಕೆಲಸ ಇಷ್ಟು. ಒಂದು ಜೀವಕೋಶ ಎರಡಾಗುವಾಗ ಒಳಗಿನ ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯಲು ಸಣ್ಣ ಸಣ್ಣ ಕೊಳವೆಗಳನ್ನು ಕಟ್ಟಿಕೊಳ್ಳುತ್ತದೆ. ಅವು ಟ್ಯೂಬುಲಿನ್ ಎಂಬ ಪ್ರೋಟೀನಿನ ಇಟ್ಟಿಗೆಗಳಿಂದ ಆದವು. ಡೊಲಾಸ್ಟಾಟಿನ್ ಆ ಇಟ್ಟಿಗೆಗೆ ಅಂಟಿಕೊಂಡು ಗೋಡೆ ಏಳದಂತೆ ಮಾಡುತ್ತದೆ. ಎರಡಾಗಲು ಹೊರಟ ಕೋಶ ಅರ್ಧಕ್ಕೇ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಜಾಸ್ತಿ ವಿಭಜನೆ ಆಗುತ್ತವೆ, ಹಾಗಾಗಿ ಅವುಗಳಿಗೆ ಪೆಟ್ಟು ಜೋರು. ಆದರೆ ನಮ್ಮ ಮೂಳೆಮಜ್ಜೆಯಲ್ಲಿ ದಿನವೂ ಹೊಸ ರಕ್ತಕಣಗಳು ಹುಟ್ಟುತ್ತಿರುತ್ತವೆ. ಅವುಗಳಿಗೂ ಅದೇ ಪೆಟ್ಟು. 1990ರ ದಶಕದಲ್ಲಿ ಡೊಲಾಸ್ಟಾಟಿನ್ 10 ಅನ್ನು ನೇರವಾಗಿ ರೋಗಿಗಳಿಗೆ ಕೊಟ್ಟು ನೋಡಿದರು. ಗೆಡ್ಡೆ ಕರಗುವಷ್ಟು ಕೊಡೋಣ ಅಂದರೆ ಮೈ ತಡೆಯಲಿಲ್ಲ. ಮೈ ತಡೆಯುವಷ್ಟು ಕೊಟ್ಟರೆ ಗೆಡ್ಡೆ ಜಗ್ಗಲಿಲ್ಲ. ಔಷಧಿಯಾಗಿ ಅದು ಅಲ್ಲಿಗೆ ಸೋತಿತು.

ಅಲ್ಲಿಗೇ ಕೈಬಿಟ್ಟಿದ್ದರೆ ನಿಮ್ಮ ಅಕ್ಕನಿಗೆ ಈ ಡ್ರಿಪ್ ಇರುತ್ತಿರಲಿಲ್ಲ. ಅಣುವನ್ನು ಸ್ವಲ್ಪ ತಿದ್ದಿ, ಅದಕ್ಕೆ ಒಂದು ಕೊಕ್ಕೆ ಕೂರುವಂತೆ ಮಾಡಿ, ಆ ಕೊಕ್ಕೆಯನ್ನು ಒಂದು ಪ್ರತಿಕಾಯಕ್ಕೆ (ಆಂಟಿಬಾಡಿ, ಅಂದರೆ ಒಂದು ನಿರ್ದಿಷ್ಟ ಗುರುತಿಗೇ ಹೋಗಿ ಅಂಟಿಕೊಳ್ಳುವ ಪ್ರೋಟೀನ್) ಸಿಕ್ಕಿಸಿದರು. ಅಮೆರಿಕದ ಸಿಯಾಟಲ್ ಜೆನೆಟಿಕ್ಸ್ ಕಂಪನಿಯ ವಿಜ್ಞಾನಿಗಳು ಈ ಜೋಡಣೆಯನ್ನು 2003ರಲ್ಲಿ ಪ್ರಕಟಿಸಿದರು. ತಿದ್ದಿದ ಅಣುವಿನ ಚಿಕ್ಕ ಹೆಸರು ಎಂಎಂಎಇ. ನಿಮ್ಮ ಅಕ್ಕನ ಔಷಧಿಯ ಹೆಸರಿನಲ್ಲಿ ‘ಬ್ರೆಂಟುಕ್ಸಿಮ್ಯಾಬ್’ ಅನ್ನುವುದು ಪ್ರತಿಕಾಯ, ‘ವೆಡೋಟಿನ್’ ಅನ್ನುವುದು ಕೊಕ್ಕೆ ಮತ್ತು ವಿಷ. ಹಾಡ್ಜ್‌ಕಿನ್ ಕ್ಯಾನ್ಸರಿನ ಕೋಶಗಳ ಮೈಮೇಲೆ ಸಿಡಿ30 ಎಂಬ ಗುರುತು ಇರುತ್ತದೆ. ಪ್ರತಿಕಾಯ ರಕ್ತದಲ್ಲಿ ಓಡಾಡುತ್ತಾ ಆ ಗುರುತನ್ನು ಹುಡುಕಿ ಹಿಡಿಯುತ್ತದೆ. ಕೋಶ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ಜೀರ್ಣಕಾರಿ ಕಿಣ್ವಗಳು ಕೊಕ್ಕೆಯನ್ನು ಕತ್ತರಿಸುತ್ತವೆ. ವಿಷ ಬಿಚ್ಚಿಕೊಳ್ಳುವುದು ಅಲ್ಲಿ, ಕ್ಯಾನ್ಸರ್ ಕೋಶದ ಒಳಗೆ.

ಲೆಕ್ಕ ಎಷ್ಟು ಸೂಕ್ಷ್ಮ ನೋಡಿ. ಈ ಔಷಧಿಯೊಂದನ್ನೇ ಕೊಡುವಾಗ ಸಾಮಾನ್ಯ ಪ್ರಮಾಣ ಒಂದು ಕೆಜಿ ತೂಕಕ್ಕೆ 1.8 ಮಿಲಿಗ್ರಾಂ. 60 ಕೆಜಿ ಇರುವವರಿಗೆ 108 ಮಿಲಿಗ್ರಾಂ. ಅದರಲ್ಲಿ ಹೆಚ್ಚಿನ ತೂಕ ಪ್ರತಿಕಾಯದ್ದೇ. ಒಂದೊಂದು ಪ್ರತಿಕಾಯ ಸರಾಸರಿ ನಾಲ್ಕು ವಿಷದ ಅಣುಗಳನ್ನು ಹೊತ್ತಿರುತ್ತದೆ. ಎಲ್ಲಾ ಕೂಡಿಸಿದರೆ ಇಡೀ ಡ್ರಿಪ್‌ನಲ್ಲಿ ಪಾಚಿಯಿಂದ ಕಲಿತ ವಿಷದ ತೂಕ ಸುಮಾರು 2 ಮಿಲಿಗ್ರಾಂ. ಒಂದು ಸಾಸಿವೆ ಕಾಳಿನಷ್ಟು! ಅಷ್ಟಕ್ಕೇ ಗೆಡ್ಡೆಗಳು ಕರಗುತ್ತವೆ. ಅಮೆರಿಕದಲ್ಲಿ 2011ರ ಆಗಸ್ಟ್‌ನಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಅದೇ ಎಂಎಂಎಇಯನ್ನು ಬೇರೆ ಬೇರೆ ಪ್ರತಿಕಾಯಗಳ ಬೆನ್ನಿಗೇರಿಸಿ ಆಮೇಲೆ ಇನ್ನೂ ಔಷಧಿಗಳು ಬಂದವು. 2019ರಲ್ಲಿ ಇನ್ನೊಂದು ಬಗೆಯ ಲಿಂಫೋಮಾಕ್ಕೆ ಪೊಲಾಟುಜುಮ್ಯಾಬ್, ಮೂತ್ರಕೋಶದ ಕ್ಯಾನ್ಸರಿಗೆ ಎನ್‌ಫೋರ್ಟುಮ್ಯಾಬ್, 2021ರಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಟಿಸೋಟುಮ್ಯಾಬ್.

ಇನ್ನೂ ಒಂದು ವಿಷಯ ನಿಮಗೆ ಗೊತ್ತಿರಬೇಕು. ಈ ಕೊಕ್ಕೆ ನೂರಕ್ಕೆ ನೂರು ಗಟ್ಟಿಯಲ್ಲ. ಸ್ವಲ್ಪ ವಿಷ ಹೊರಗೂ ಸೋರುತ್ತದೆ. ನರಗಳ ಒಳಗೂ ಅದೇ ಟ್ಯೂಬುಲಿನ್ ಕೊಳವೆಗಳಿರುವುದರಿಂದ ಕೈಬೆರಳು, ಕಾಲ್ಬೆರಳುಗಳಲ್ಲಿ ಜೋಮು, ಉರಿ, ಮರಗಟ್ಟುವಿಕೆ ಶುರುವಾಗಬಹುದು. ಇದು ತುಂಬಾ ಜನರಿಗೆ ಆಗುತ್ತದೆ. ಅಕ್ಕ ‘ಪರವಾಗಿಲ್ಲ, ತಡ್ಕೋತೀನಿ’ ಅಂದರೂ ನೀವು ಸುಮ್ಮನಿರಬೇಡಿ. ಅಂಗಿಯ ಗುಂಡಿ ಹಾಕಿಕೊಳ್ಳಲು ಕಷ್ಟ ಆಗ್ತಿದೆಯಾ ಅಂತ ಕೇಳಿ. ಬೇಗ ಹೇಳಿದರೆ ಡಾಕ್ಟರು ಪ್ರಮಾಣ ಕಡಿಮೆ ಮಾಡಬಹುದು, ಸ್ವಲ್ಪ ದಿನ ಮುಂದೂಡಬಹುದು.

ಈಗ ಮೂರನೇ ಪ್ರಶ್ನೆ, ಅಷ್ಟೊಂದಿದ್ದರೂ ಇಷ್ಟು ಕಡಿಮೆ ಯಾಕೆ ಅಂತ.

ಪಾಚಿ ಯಾಕೆ ಇಂಥ ಅಣುಗಳನ್ನು ತಯಾರಿಸುತ್ತದೆ ಅನ್ನುವುದರಿಂದಲೇ ಶುರು ಮಾಡಬೇಕು. ಒಂದೇ ಒಂದು ಕೋಶದ ಜೀವ. ಕಣ್ಣಿಗೆ ಕಾಣುವುದಿಲ್ಲ. ಸುತ್ತಲೂ ಸೀಗಡಿಯ ದೂರದ ನೆಂಟರಾದ ಕೋಪಿಪಾಡ್ ಎಂಬ ಸಣ್ಣ ಜೀವಿಗಳು ಮೇಯುತ್ತಿರುತ್ತವೆ. ಓಡಿಹೋಗುವ ಶಕ್ತಿ ಇಲ್ಲ, ಅಡಗಲು ಜಾಗ ಇಲ್ಲ. ಉಳಿದಿರುವ ಆಯುಧ ರಸಾಯನ ಒಂದೇ. ಅಲೆಕ್ಸಾಂಡ್ರಿಯಂ ಎಂಬ, ಡೈನೋಫ್ಲಾಜೆಲೇಟ್ ಗುಂಪಿನ ಸೂಕ್ಷ್ಮಪಾಚಿ ನೀರಿನಲ್ಲಿ ಕೋಪಿಪಾಡ್‌ನ ವಾಸನೆ ಹಿಡಿಯುತ್ತದೆ. ಕೋಪಿಪಾಡ್ ಮೈಯಿಂದ ಸೋರುವ ಒಂದು ಬಗೆಯ ಕೊಬ್ಬಿನ ಅಣು ಲೇಶಮಾತ್ರ ತಾಕಿದರೂ ಸಾಕು, ತನ್ನ ವಿಷದ ಉತ್ಪಾದನೆಯನ್ನು ಹಲವು ಪಟ್ಟು ಏರಿಸುತ್ತದೆ. ಶತ್ರು ಹತ್ತಿರ ಇಲ್ಲದಾಗ ಅಷ್ಟು ಖರ್ಚು ಮಾಡುವುದಿಲ್ಲ. ನನಗೆ ಇದು ಎಷ್ಟು ಸಲ ಓದಿದರೂ ಬೆರಗು.

ಆ ವಿಷದ ಹೆಸರು ಸ್ಯಾಕ್ಸಿಟಾಕ್ಸಿನ್. ನರದಲ್ಲಿ ಸೋಡಿಯಂ ಹಾಯುವ ಬಾಗಿಲಿಗೆ ಬಿರಡೆಯಂತೆ ಕೂರುತ್ತದೆ. ಚಿಪ್ಪುಮೀನುಗಳು ಈ ಪಾಚಿಯನ್ನು ಸೋಸಿ ತಿಂದು ವಿಷ ತುಂಬಿಕೊಳ್ಳುತ್ತವೆ. ಅವನ್ನು ತಿಂದ ಮನುಷ್ಯನಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಕೈಕಾಲು, ಕೊನೆಗೆ ಉಸಿರಾಟದ ಸ್ನಾಯು. ಬೇಯಿಸಿದರೂ ಹೋಗುವುದಿಲ್ಲ. ಅದಕ್ಕೆ ಮದ್ದೇ ಇಲ್ಲ, ವೆಂಟಿಲೇಟರಿನಲ್ಲಿ ಉಸಿರು ಕಾಪಾಡುತ್ತಾ ಕಾಯಬೇಕು. ಆದರೆ ನರದ ಬಾಗಿಲು ಮುಚ್ಚುವುದೆಂದರೆ ನೋವಿನ ದಾರಿಯನ್ನೂ ಮುಚ್ಚಿದಂತೆ ಅಲ್ವಾ? ಅದರ ಹತ್ತಿರದ ಸಂಬಂಧಿ ನಿಯೋಸ್ಯಾಕ್ಸಿಟಾಕ್ಸಿನ್ ಅನ್ನು ಆಪರೇಷನ್ ನಂತರದ ನೋವಿಗೆ ಬಳಸುವ ಪ್ರಯತ್ನ ಚಿಲಿಯಲ್ಲೂ ಅಮೆರಿಕದಲ್ಲೂ ನಡೆದಿದೆ. ಮಾಮೂಲಿ ಅರಿವಳಿಕೆ ಬುಪಿವಕೇನ್ ಜೊತೆ ಅತಿ ಸಣ್ಣ ಪ್ರಮಾಣದಲ್ಲಿ ಚರ್ಮದಡಿ ಕೊಟ್ಟಾಗ ಮರಗಟ್ಟುವಿಕೆ ಹಲವು ಪಟ್ಟು ಜಾಸ್ತಿ ಹೊತ್ತು ಉಳಿಯಿತು. ಇದು ಗೆಲ್ಲಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಆಪರೇಷನ್ ಆದ ಮೊದಲ ಎರಡು ದಿನ ಮಾರ್ಫಿನ್ ಬೇಕಾಗದಿದ್ದರೆ ಎಷ್ಟು ಜನಕ್ಕೆ ಉಪಕಾರ!

ಒಂದು ವಿಷಯ ಗಮನಿಸಿದ್ದೀರಾ? ಸ್ಯಾಕ್ಸಿಟಾಕ್ಸಿನ್ ಎಂಬ ಹೆಸರು ಸ್ಯಾಕ್ಸಿಡೋಮಸ್ ಎಂಬ ಚಿಪ್ಪುಮೀನಿನಿಂದ ಬಂದದ್ದು. ಡೊಲಾಸ್ಟಾಟಿನ್ ಹೆಸರು ಕಡಲ ಮೊಲದ್ದು. ಓಕಡೇಯಿಕ್ ಆಸಿಡ್ ಎಂಬ ಇನ್ನೊಂದು ಪಾಚಿ ವಿಷಕ್ಕೆ ಒಂದು ಸ್ಪಂಜಿನ ಹೆಸರು. ತಯಾರಿಸಿದ್ದು ಪಾಚಿ, ಹೆಸರು ಮಾತ್ರ ಮೈಯಲ್ಲಿ ತುಂಬಿಕೊಂಡವರದ್ದು. ಯಾಕೆಂದರೆ ನಮಗೆ ಕಂಡದ್ದು ಅವರು. ಪಾಚಿಯಲ್ಲಿ ಚೂರು ಚೂರಾಗಿ ಇರುವುದನ್ನು ಅವರು ವರ್ಷಗಟ್ಟಲೆ ಸೋಸಿ ಒಂದೆಡೆ ಸೇರಿಸಿಟ್ಟಿದ್ದರು. ಅದೇ ಕೆಲಸವನ್ನು ಲ್ಯಾಬಿನಲ್ಲಿ ನಾವು ಮಾಡಲು ಹೋದಾಗ ಕಷ್ಟ ಏನೆಂದು ಗೊತ್ತಾಗುತ್ತದೆ.

ನಮ್ಮ ಲ್ಯಾಬಿನ ಮಾತನ್ನೇ ಹೇಳುತ್ತೇನೆ. ಒಂದು ಡೈನೋಫ್ಲಾಜೆಲೇಟ್ ಅನ್ನು 20 ಲೀಟರ್ ಗಾಜಿನ ಬಾಟಲಿಯಲ್ಲಿ ಬೆಳೆಸುತ್ತೇವೆ. 12 ಗಂಟೆ ಬೆಳಕು, 12 ಗಂಟೆ ಕತ್ತಲು. ಎರಡಾಗಲು ಒಂದು ಕೋಶಕ್ಕೆ ಎರಡು ಮೂರು ದಿನ ಬೇಕು. ಬ್ಯಾಕ್ಟೀರಿಯಾ ಆದರೆ ಅರ್ಧ ಗಂಟೆ. ಬಾಟಲಿಯನ್ನು ಜೋರಾಗಿ ಕಲಕುವಂತಿಲ್ಲ, ಕಲಕಿದರೆ ಬೆಳವಣಿಗೆ ನಿಲ್ಲುತ್ತದೆ. ಒಂದು ತಿಂಗಳಾದ ಮೇಲೆ ನೀರು ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ಮಿಲಿಲೀಟರಿಗೆ ಸುಮಾರು 10,000 ಕೋಶ. ಇಡೀ ಬಾಟಲಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ನೀರು ಚೆಲ್ಲಿದರೆ ಟ್ಯೂಬಿನ ತಳದಲ್ಲಿ ಉಳಿಯುವುದು ಅರ್ಧ ಟೀ ಚಮಚ ಕಂದು ಲೇಪ. ಅದರ ಸಾರ ತೆಗೆದು, ಭಾಗ ಭಾಗ ಮಾಡಿ, ಪ್ರತಿ ಭಾಗವನ್ನೂ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಯಾವ ಭಾಗಕ್ಕೆ ಶಕ್ತಿ ಇದೆ ಅಂತ ನೋಡಿ, ಅದನ್ನು ಮತ್ತೆ ಭಾಗ ಮಾಡಬೇಕು. ಕೊನೆಗೆ ಟ್ಯೂಬಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಕಂಪ್ಯೂಟರ್ ಪರದೆಯ ಮೇಲಿನ ಗ್ರಾಫಿನಲ್ಲಿ ಒಂದು ಶಿಖರ ಏಳುತ್ತದೆ, ಅಷ್ಟೇ. ಅಂಥ ಒಂದು ಶಿಖರ ನಮ್ಮಲ್ಲಿದೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಅದು ಯಾವ ಅಣು ಅಂತ ಹೇಳಲು ಬೇಕಾಗುವಷ್ಟು ಪದಾರ್ಥ ಇನ್ನೂ ಕೂಡಿಲ್ಲ. ಒಂದು ಸಲ ಬೆಳೆಸುವ ಕೋಣೆಯ ಎಸಿ ರಾತ್ರಿ ಕೆಟ್ಟು ಬೆಳಗಾಗುವುದರೊಳಗೆ ಎಂಟು ಬಾಟಲಿ ಸತ್ತವು. ಎರಡು ತಿಂಗಳ ಬೆಳೆ. ವಿದ್ಯಾರ್ಥಿನಿ ಬಾಟಲಿಗಳ ಮುಂದೆ ಮಾತಿಲ್ಲದೆ ನಿಂತಿದ್ದಳು.

‘ಕ್ಯಾನ್ಸರ್ ಕೋಶ ಕೊಲ್ಲುತ್ತದೆ’ ಅಂದೆನಲ್ಲ, ಆ ಮಾತಿಗೂ ಹೆಚ್ಚು ಬೆಲೆ ಕೊಡಬೇಡಿ. ತಟ್ಟೆಯಲ್ಲಿರುವ ಕೋಶಗಳ ಮೇಲೆ ಬ್ಲೀಚ್ ಸುರಿದರೂ ಅವು ಸಾಯುತ್ತವೆ. ‘ಪಾಚಿಯಿಂದ ಕ್ಯಾನ್ಸರಿಗೆ ಮದ್ದು’ ಅಂತ ಬರುವ ಸುದ್ದಿಗಳಲ್ಲಿ ಹೆಚ್ಚಿನವು ತಟ್ಟೆಯ ಹಂತದವು. ಕೇಳಬೇಕಾದದ್ದು ಬೇರೆ: ಒಳ್ಳೆಯ ಕೋಶಗಳನ್ನು ಬಿಟ್ಟು ಕೆಟ್ಟವನ್ನು ಮಾತ್ರ ಮುಟ್ಟುತ್ತದೆಯಾ? ಡೊಲಾಸ್ಟಾಟಿನ್ ಆ ಪರೀಕ್ಷೆಯಲ್ಲಿ ತಾನಾಗಿ ಪಾಸಾಗಲಿಲ್ಲ, ಪ್ರತಿಕಾಯದ ಕೈ ಹಿಡಿದು ದಾಟಿತು.

ಕೊಲ್ಲದ ಅಣುಗಳೂ ಇವೆ, ಅವುಗಳ ಬಗ್ಗೆ ಜನ ಮಾತಾಡುವುದು ಕಡಿಮೆ. ಫ್ಲಾರಿಡಾ ಕರಾವಳಿಯಲ್ಲಿ ಕರೇನಿಯಾ ಬ್ರೆವಿಸ್ ಎಂಬ ಪಾಚಿ ಉಕ್ಕಿ ಬಂದಾಗ ಮೀನುಗಳು ಸಾಯುತ್ತವೆ, ದಡದಲ್ಲಿ ಅಡ್ಡಾಡುವವರಿಗೂ ಕೆಮ್ಮು, ಎದೆ ಬಿಗಿತ. ಬ್ರೆವಿಟಾಕ್ಸಿನ್ ಎಂಬ ವಿಷ ಅಲೆಗಳ ತುಂತುರಿನಲ್ಲಿ ಗಾಳಿಗೆ ಸೇರುತ್ತದೆ. ಅದೇ ಪಾಚಿಯ ಕೋಶದಲ್ಲಿ ಬ್ರೆವಿನಾಲ್ ಎಂಬ ಇನ್ನೊಂದು ಅಣು ಸಿಕ್ಕಿತು. ಅದು ಬ್ರೆವಿಟಾಕ್ಸಿನ್‌ನ ಕೆಲಸವನ್ನು ತಡೆಯುತ್ತದೆ. ವಿಷವೂ ಮದ್ದೂ ಒಂದೇ ಕೋಶದಲ್ಲಿ! ಕುರಿಗಳ ಮೇಲೆ ನೋಡಿದಾಗ ಶ್ವಾಸನಾಳದ ಕಫ ಸಲೀಸಾಗಿ ಹೊರಬರಲು ಸಹಾಯ ಮಾಡಿತು. ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ ಕಫವೇ ದೊಡ್ಡ ಕಷ್ಟ, ಹಾಗಾಗಿ ಅಲ್ಲೊಂದು ಆಸೆ ಹುಟ್ಟಿತು.

ಇನ್ನೊಂದು ದಾರಿ ಪಾಚಿಯನ್ನೇ ಕಾರ್ಖಾನೆ ಅಥವಾ ಗಾಡಿ ಮಾಡಿಕೊಳ್ಳುವುದು. ಡಯಾಟಮ್ ಅನ್ನುವ ಸೂಕ್ಷ್ಮಪಾಚಿಗಳ ಗುಂಪಿನ ಫಿಯೋಡ್ಯಾಕ್ಟೈಲಂನಲ್ಲಿ ಮನುಷ್ಯನ ಪ್ರತಿಕಾಯವನ್ನು ತಯಾರಿಸಿ 2011ರಲ್ಲೇ ತೋರಿಸಿದ್ದಾರೆ. ಡಯಾಟಮ್‌ಗಳಿಗೆ ಗಾಜಿನಂಥ ಸಿಲಿಕಾ ಚಿಪ್ಪು ಇರುತ್ತದೆ, ತುಂಬಾ ರಂಧ್ರ. 2015ರಲ್ಲಿ ಒಂದು ತಂಡ ಆ ಚಿಪ್ಪಿನ ಮೇಲೆ ಪ್ರತಿಕಾಯ ಕೂರಿಸಿ, ರಂಧ್ರಗಳಲ್ಲಿ ಕ್ಯಾನ್ಸರ್ ಔಷಧಿ ತುಂಬಿ ಇಲಿಗಳ ಗೆಡ್ಡೆಗೆ ಕಳಿಸಿತು. ಗೆಡ್ಡೆ ಕುಗ್ಗಿತು. ಮನುಷ್ಯರಿಗೆ ಬರಲು ಇನ್ನೂ ದೂರ ಇದೆ. ಶಿಶುಗಳ ಹಾಲಿನ ಪುಡಿಗೆ ಹಾಕುವ ಡಿಎಚ್‌ಎ ಕೊಬ್ಬು ಮಾತ್ರ ಕ್ರಿಪ್ತೆಕೋಡಿನಿಯಂ ಎಂಬ ಸೂಕ್ಷ್ಮಪಾಚಿಯಿಂದ ಈಗಾಗಲೇ ಟ್ಯಾಂಕುಗಳಲ್ಲಿ ಬರುತ್ತಿದೆ. ಆದರೆ ಅದು ಪೋಷಕಾಂಶ, ಔಷಧಿಯಲ್ಲ.

ಪದಾರ್ಥ ಸಾಲದು ಅನ್ನುವ ಗಂಟನ್ನು ಬಿಡಿಸುವ ಬಗೆ ಇತ್ತೀಚೆಗೆ ಬದಲಾಗುತ್ತಿದೆ. ಬ್ರೆಂಟುಕ್ಸಿಮ್ಯಾಬ್‌ನ ವಿಷಕ್ಕೆ ಇವತ್ತು ಒಂದು ಹನಿ ಪಾಚಿಯೂ ಬೇಕಿಲ್ಲ, ಪೂರ್ತಿ ರಸಾಯನ ಕಾರ್ಖಾನೆಯಲ್ಲೇ ಕಟ್ಟುತ್ತಾರೆ. ಡೊಲಾಸ್ಟಾಟಿನ್ ಚಿಕ್ಕ ಅಣುವಾದ್ದರಿಂದ ಅದು ಆಗುತ್ತದೆ. ಗ್ಯಾಂಬಿಯರ್‌ಡಿಸ್ಕಸ್ ಎಂಬ ಪಾಚಿಯ ಮೈಟೊಟಾಕ್ಸಿನ್ ತೂಕ 3,400 ಡಾಲ್ಟನ್‌ಗೂ (ಅಣುಗಳ ತೂಕ ಅಳೆಯುವ ಮಾನ) ಜಾಸ್ತಿ. ಅಂಥದ್ದನ್ನು ಕೈಯಿಂದ ಕಟ್ಟಿ ಮಾರಲು ಆಗುವುದಿಲ್ಲ. ಹಾಗಾಗಿ ಈಗ ಅಣುವಿನ ಬದಲು ಅದನ್ನು ಕಟ್ಟುವ ಜೀನ್‌ಗಳನ್ನು ಹುಡುಕುತ್ತೇವೆ. 2018ರಲ್ಲಿ ಸೂಡೋ-ನಿಷಿಯಾ ಎಂಬ ಡಯಾಟಮ್ ಡೊಮೋಯಿಕ್ ಆಸಿಡ್ ಎಂಬ ವಿಷವನ್ನು ಯಾವ ಜೀನ್‌ಗಳಿಂದ ತಯಾರಿಸುತ್ತದೆ ಅಂತ ಪತ್ತೆಯಾಯಿತು. 1987ರಲ್ಲಿ ಕೆನಡಾದಲ್ಲಿ ಮಸಲ್ ಎಂಬ ಚಿಪ್ಪುಮೀನು ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, ಕೆಲವರ ನೆನಪಿನ ಶಕ್ತಿಯೇ ಹೋಯಿತಲ್ಲ, ಆ ವಿಷ ಅದು. 2024ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ವಿಜ್ಞಾನಿಗಳು ಪ್ರಿಮ್ನೀಸಿಯಂ ಪಾರ್ವಂ ಎಂಬ ಪಾಚಿಯಲ್ಲಿ ಪಿಕೆಜಿಲ್ಲಾ ಎಂಬ ದೈತ್ಯ ಕಿಣ್ವಗಳನ್ನು ಕಂಡುಹಿಡಿದರು. 2022ರಲ್ಲಿ ಪೋಲೆಂಡ್ ಮತ್ತು ಜರ್ಮನಿಯ ನಡುವಿನ ಓಡರ್ ನದಿಯಲ್ಲಿ ರಾಶಿ ರಾಶಿ ಮೀನು ಕೊಂದದ್ದು ಇದೇ ಪಾಚಿ. ಅದರ ವಿಷ ಕಟ್ಟುವ ಒಂದು ಕಿಣ್ವದ ತೂಕ 47 ಲಕ್ಷ ಡಾಲ್ಟನ್. ಅಲ್ಲಿಯವರೆಗೆ ಎಲ್ಲಕ್ಕಿಂತ ದೊಡ್ಡ ಪ್ರೋಟೀನ್ ಅನ್ನಿಸಿಕೊಂಡಿದ್ದು ನಮ್ಮ ಸ್ನಾಯುವಿನ ಟೈಟಿನ್. ಅದಕ್ಕಿಂತ ಕಾಲು ಭಾಗ ದೊಡ್ಡದು! ಇಷ್ಟು ದೊಡ್ಡ ಜೀನ್ ಇರಬಹುದು ಅಂತ ಯಾರೂ ಎಣಿಸದ ಕಾರಣ, ಅಲ್ಲಿಯವರೆಗೆ ಓದಿದ ಡಿಎನ್‌ಎಯಲ್ಲಿ ಅದು ಚೂರು ಚೂರಾಗಿ ಕಂಡು ತಪ್ಪಿಸಿಕೊಂಡಿತ್ತು.

ನಮ್ಮ ಆ ಹೆಸರಿಲ್ಲದ ಶಿಖರವನ್ನೂ ಇದೇ ದಾರಿಯಲ್ಲಿ ಹಿಡಿಯಲು ನೋಡುತ್ತಿದ್ದೇವೆ. ಆ ವಿದ್ಯಾರ್ಥಿನಿ ಹೊಸದಾಗಿ ಎಂಟು ಬಾಟಲಿ ಹಚ್ಚಿದ್ದಾಳೆ. ಈ ಸಲ ಸಾರ ತೆಗೆಯುವ ಮೊದಲು ಒಂದು ಬಾಟಲಿಯ ಕೋಶಗಳನ್ನು, ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಅಂತ ತಿಳಿಯಲು, ಆರ್‌ಎನ್‌ಎ ಓದಿಸಲು ಕಳಿಸುತ್ತೇವೆ.